ಗಂಡಭೇರುಂಡ: ರಾಜ್ಯ ಲಾಂಛನದ ಹಕ್ಕಿ

ಬೆಂಗಳೂರಿನ ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಯಾವ ಸರ್ಕಾರಿ ಕಚೇರಿಯ ಕಾಗದ ಕೈಗೆ ಬಂದರೂ ನೆತ್ತಿಯಲ್ಲಿ ಈ ಹಕ್ಕಿ ಇರುತ್ತದೆ. ದಿಟ್ಟಿಸಿ ನೋಡುವವರು ಕಡಿಮೆ. ಕೆಂಪು ಗುರಾಣಿಯ ಮೇಲೆ ಎರಡು ತಲೆಯ ಬಿಳಿಯ ಗಂಡಭೇರುಂಡ, ಅದರ ಮೇಲೆ ಅಶೋಕನ ಸಿಂಹಗಳು, ಇಕ್ಕೆಲಗಳಲ್ಲಿ ಸಿಂಹದ ಮೈ, ಆನೆಯ ಮೊಗದ ಗಜಕೇಸರಿಗಳು. ಮೈಸೂರು ಒಡೆಯರ ಲಾಂಛನವೇ ಕೆಲವು ಬದಲಾವಣೆಗಳೊಂದಿಗೆ ಕರ್ನಾಟಕದ್ದಾಯಿತು.

ಹಕ್ಕಿಯೇನೋ ಒಡೆಯರಿಗಿಂತ ಹಳೆಯದು. ವಿಜಯನಗರದ ಅಚ್ಯುತದೇವರಾಯನ ಪುಟ್ಟ ಚಿನ್ನದ ನಾಣ್ಯದಲ್ಲಿ ಅದು ಕೊಕ್ಕುಗಳಲ್ಲೂ ಉಗುರುಗಳಲ್ಲೂ ಆನೆಗಳನ್ನು ಹಿಡಿದಿದೆ. ಉಗುರಗಲದ ಜಾಗದಲ್ಲಿ ಇಷ್ಟನ್ನೂ ಮೂಡಿಸಿದ ಅಚ್ಚುಗಾರನ ಧೈರ್ಯ ದೊಡ್ಡದು!

ಲಾಂಛನಕ್ಕೆ ಪುರಾಣದ ಹಕ್ಕಿಯನ್ನು ಆರಿಸಿಕೊಂಡವರು ನಾವಷ್ಟೇ ಅಲ್ಲ. ಇಂಡೋನೇಷ್ಯಾ 1950ರಲ್ಲಿ ಗರುಡನನ್ನು ರಾಷ್ಟ್ರಲಾಂಛನವಾಗಿ ಅಂಗೀಕರಿಸಿತು. ಅದರ ಒಂದೊಂದು ರೆಕ್ಕೆಯಲ್ಲಿ 17 ಗರಿ, ಬಾಲದಲ್ಲಿ 8, ಕೊರಳಲ್ಲಿ 45. ಸೇರಿಸಿ ಓದಿದರೆ ಸ್ವಾತಂತ್ರ್ಯ ಘೋಷಣೆಯ ದಿನ: 17–8–1945. ನಮ್ಮ ಗಂಡಭೇರುಂಡದ ಗರಿಗಳಿಗೆ ಅಂಥ ಲೆಕ್ಕಾಚಾರವಿಲ್ಲ.

ಅದರ ಹಳೆಯ ರೂಪವೊಂದನ್ನು ಕಣ್ಣಾರೆ ಕಾಣಬೇಕೆಂದರೆ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಗೆ ಹೋಗಬೇಕು. ಚಾವುಂಡರಾಯರಸ ಎಂಬ ಮಾಂಡಲಿಕ 1047ರಲ್ಲಿ ನಿಲ್ಲಿಸಿದ ಭೇರುಂಡೇಶ್ವರ ಕಂಬ ಅಲ್ಲಿ ಇಂದಿಗೂ ಇದೆ.