ಇದ್ದಿಲು, ಡೀಸೆಲ್, ವಿದ್ಯುತ್ತು: ಶಿವಮೊಗ್ಗ–ಭದ್ರಾವತಿಯ ಇಂಧನ ಚರಿತ್ರೆ

ಭದ್ರಾ ನದಿಯ ದಂಡೆಯಲ್ಲಿ, ಅಂದು ಬೆಂಕಿಪುರವೆಂದು ಕರೆಯಲಾಗುತ್ತಿದ್ದ ಊರಿನಲ್ಲಿ, ಮೈಸೂರು ಸರ್ಕಾರವು 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ಕೈಹಾಕಿದಾಗ ಅದಕ್ಕೆ ಎದುರಾದ ಕಠಿಣ ಪ್ರಶ್ನೆ ಅದಿರಿನದಲ್ಲ, ಇಂಧನದ್ದು. ಬಾಬಾಬುಡನ್‌ಗಿರಿ ಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರು ಹೇರಳವಾಗಿತ್ತು. ಆದರೆ ಸಂಸ್ಥಾನದ ನೆಲದಲ್ಲಿ ಕಲ್ಲಿದ್ದಲು ಇರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ ರೂಪುಗೊಂಡ ಈ ಯೋಜನೆ ಉತ್ತರವನ್ನು ಮಲೆನಾಡಿನ ಕಾಡಿನಲ್ಲಿ ಕಂಡುಕೊಂಡಿತು. ಸೌದೆಯನ್ನು ಗಾಳಿಯಾಡದ ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುವ, ಜೊತೆಯಲ್ಲೇ ಹೊರಬರುವ ಹೊಗೆಯನ್ನು ತಣಿಸಿ ಟಾರು, ಮರದ ಮದ್ಯಸಾರ ಮುಂತಾದವನ್ನು ಹಿಡಿದಿಡುವ ಭಟ್ಟಿ ಘಟಕವೊಂದು ಕಾರ್ಖಾನೆಯ ಭಾಗವಾಯಿತು. 1923ರ ಜನವರಿಯಲ್ಲಿ ಇದ್ದಿಲನ್ನೇ ನಂಬಿದ ಊದುಕುಲುಮೆ, ಅಂದರೆ ಕೆಳಗಿನಿಂದ ಬಿಸಿಗಾಳಿ ಊದಿ ಅದಿರನ್ನು ಕರಗಿಸುವ ಎತ್ತರದ ಕುಲುಮೆ, ಹೊತ್ತಿಕೊಂಡಿತು.

ಈ ಕುಲುಮೆಯಲ್ಲಿ ಇದ್ದಿಲಿಗೆ ಎರಡು ಕೆಲಸಗಳಿದ್ದವು. ಉರಿದು ಶಾಖ ಕೊಡುವುದು ಒಂದು; ಅದಿರಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡಿರುವ ಆಮ್ಲಜನಕವನ್ನು ಕಿತ್ತುಕೊಂಡು ಲೋಹವನ್ನು ಬಿಡಿಸುವುದು ಇನ್ನೊಂದು. ಜೋಗದ ವಿದ್ಯುತ್ತು ಬಂದ ಮೇಲೆ, 1952ರಲ್ಲಿ ನಾರ್ವೆಯ ಟಿಸ್ಲಾಂಡ್–ಹೋಲ್ ಮಾದರಿಯ ವಿದ್ಯುತ್ ಕುಲುಮೆಗಳನ್ನು ಸ್ಥಾಪಿಸಿದಾಗ, ಮೊದಲನೆಯ ಕೆಲಸ ವಿದ್ಯುತ್ತಿನ ಪಾಲಾಯಿತು, ಎರಡನೆಯದು ಇಂಗಾಲದ ಪಾಲಿನಲ್ಲೇ ಉಳಿಯಿತು. ವಿದ್ಯುತ್ತು ಇಲ್ಲಿ ಇಂಧನವನ್ನು ಹೊರದೂಡಲಿಲ್ಲ, ಅದರ ಅರ್ಧ ಹೊರೆಯನ್ನು ಇಳಿಸಿತು ಎಂಬುದನ್ನು ಗಮನಿಸಬೇಕು; ಏಕೆಂದರೆ ಇದೇ ಊರುಗಳ ರಸ್ತೆಯ ಮೇಲೆ ಓಡಿದ ವಾಹನಗಳ ಚರಿತ್ರೆಯೂ ಇದೇ ಹಾದಿ ಹಿಡಿದಿದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ, ದೇಶದ ಬೇರೆಡೆಗಳಂತೆ ಮೈಸೂರು ಸಂಸ್ಥಾನದಲ್ಲಿಯೂ ಬಸ್ಸು, ಲಾರಿಗಳು ಇದ್ದಿಲ ಗ್ಯಾಸಿನಿಂದ ಓಡಿದವು. ಫ್ರಾನ್ಸಿನ ಜಾರ್ಜ್ ಇಂಬೆರ್ 1920ರ ದಶಕದಲ್ಲಿ ಸೌದೆಯ ಅನಿಲದಿಂದ ವಾಹನ ಓಡಿಸುವ ಉಪಕರಣವನ್ನು ಹದಗೊಳಿಸಿದ್ದನಾದರೂ, ಅದನ್ನು ಮನೆಮನೆಯ ಮಾತಾಗಿಸಿದ್ದು ಯುದ್ಧದ ಕೊರತೆ. ವಾಹನಕ್ಕೆ ಬಿಗಿದ ಕಬ್ಬಿಣದ ಡ್ರಮ್ಮಿನಲ್ಲಿ ಇದ್ದಿಲು ತುಂಬಿ, ಪೂರ್ತಿ ಉರಿಯಲು ಸಾಲದಷ್ಟು ಗಾಳಿಯನ್ನಷ್ಟೇ ಕೊಟ್ಟು ಉರಿಸಿದರೆ, ಉರಿಯಬಲ್ಲ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದನ್ನು ತಣಿಸಿ, ಬೂದಿ ಸೋಸಿ, ಎಂಜಿನ್ನಿಗೆ ಎಳೆದುಕೊಳ್ಳುವಂತೆ ಕೊಳವೆ ಜೋಡಿಸುತ್ತಾರೆ. ಹೊರಡುವ ಮುನ್ನ ಕೈಯಿಂದ ಬ್ಲೋವರ್ ತಿರುಗಿಸಿ ಕೆಂಡ ಎಬ್ಬಿಸಬೇಕು. ಈ ಅನಿಲದ ಅರ್ಧದಷ್ಟು ಉರಿಯದ ಸಾರಜನಕವಾದ್ದರಿಂದ ಪೆಟ್ರೋಲ್ ಎಂಜಿನ್ನಿನ ಶಕ್ತಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚೇ ಕುಗ್ಗುತ್ತದೆ. ಬಯಲುಸೀಮೆಯಲ್ಲಿ ಸಹಿಸಬಹುದಾದ ಈ ನಷ್ಟ ಆಗುಂಬೆಯಂಥ ಘಾಟಿಗಳ ಸೀಮೆಯಲ್ಲಿ ಎಷ್ಟು ಭಾರವಾಗಿದ್ದೀತೆಂದು ಬಿಡಿಸಿ ಹೇಳಬೇಕಿಲ್ಲ. ಡೀಸೆಲ್ ಎಂಜಿನ್ನಿಗಂತೂ ಬೆಂಕಿಯ ಕಿಡಿ ಕೊಡುವ ಪ್ಲಗ್ಗೇ ಇಲ್ಲವಾದ್ದರಿಂದ, ಗ್ಯಾಸನ್ನು ಹೊತ್ತಿಸಲು ಸ್ವಲ್ಪ ಡೀಸೆಲ್ಲನ್ನೂ ಸಿಂಪಡಿಸುತ್ತಿರಬೇಕಾಗುತ್ತದೆ.

ಯುದ್ಧ ಮುಗಿದ ಮೇಲೆ ಗ್ಯಾಸಿನ ಡ್ರಮ್ಮುಗಳು ಬೇಗನೆ ಮರೆಯಾದವು. 1950ರ ದಶಕದಲ್ಲಿ ಹಳೆಯ ಪೆಟ್ರೋಲ್ ಲಾರಿಗಳಿಗೆ ಪರ್ಕಿನ್ಸ್ ಪಿ6 ಎಂಬ ಡೀಸೆಲ್ ಎಂಜಿನ್ ಕೂರಿಸುವ ಪದ್ಧತಿ ಬೆಳೆಯಿತು. 1951ರಲ್ಲಿ ಬೆಂಗಳೂರಿನಲ್ಲಿ, ಮುಂದೆ ಡೀಸೆಲ್ ಪಂಪುಗಳಿಗೆ ಹೆಸರಾದ ಮೈಕೊ ಕಂಪನಿ ಸ್ಥಾಪನೆಯಾಯಿತು, 1954ರಲ್ಲಿ ಟಾಟಾ–ಮರ್ಸಿಡಿಸ್ ಲಾರಿ ರಸ್ತೆಗಿಳಿಯಿತು. ಅಡಿಕೆ, ಅಕ್ಕಿ, ಮರ, ಕಬ್ಬಿಣ ಹೊರುವ ಲಾರಿಗಳು ಹೆಚ್ಚಿದಂತೆ ಮೆಕ್ಯಾನಿಕ್ಕುಗಳ ಹೊಸ ಕಸುಬೂ ಬೇರುಬಿಟ್ಟಿತು. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಇಂದು ಅದರ ನೆಲೆಗಳಲ್ಲೊಂದು.

ಈ ಕಸುಬಿನ ಜಾಣ್ಮೆ ಕಾಣುವುದು ‘ಏರ್ ಹಿಡಿದ’ ಲಾರಿಯ ಮುಂದೆ. ಡೀಸೆಲ್ಲನ್ನು ಟ್ಯಾಂಕಿನಿಂದ ಎಳೆದು ಫಿಲ್ಟರಿನ ಮೂಲಕ ಮುಖ್ಯ ಪಂಪಿಗೆ ತಲುಪಿಸುವುದು ಫೀಡ್ ಪಂಪ್. ಮುಖ್ಯ ಪಂಪು ಅದನ್ನು ಭಾರೀ ಒತ್ತಡದಲ್ಲಿ ನಾಝಲ್‌ಗಳಿಗೆ ನೂಕುತ್ತದೆ. ಎಳೆಯುವ ಪೈಪಿನ ಒಂದು ವಾಷರ್ ಸಡಿಲವಾದರೂ ಸಾಕು, ಗಾಳಿ ಒಳನುಗ್ಗುತ್ತದೆ. ಗಾಳಿ ಒತ್ತಿದರೆ ಕುಗ್ಗುವ ವಸ್ತುವಾದ್ದರಿಂದ ನಾಝಲ್ ತೆರೆಯುವ ಒತ್ತಡವೇ ಹುಟ್ಟುವುದಿಲ್ಲ. ಮೆಕ್ಯಾನಿಕ್ ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಗುಂಡಿಯನ್ನು ಕೈಯಿಂದ ಒತ್ತುತ್ತಾ, ನೊರೆ ನಿಂತು ನಿಚ್ಚಳ ಡೀಸೆಲ್ ಹರಿಯುವವರೆಗೆ ಕಾಯುತ್ತಾನೆ.

ಈ ಕೈಕೆಲಸವನ್ನು ತಪ್ಪಿಸಲೆಂದೇ ಹಳೆಯ ಎಂಜಿನ್ನುಗಳಿಗೆ 12 ಅಥವಾ 24 ವೋಲ್ಟಿನ ವಿದ್ಯುತ್ ಫೀಡ್ ಪಂಪ್ ಜೋಡಿಸುವ ಪದ್ಧತಿ ಜಗತ್ತಿನ ಹಲವೆಡೆ ಬೆಳೆದಿದೆ. ಟ್ಯಾಂಕಿನ ಹತ್ತಿರ ಕೂರಿಸಿದ ಪಂಪು ಡೀಸೆಲ್ಲನ್ನು ಎಳೆಯುವ ಬದಲು ತಳ್ಳುವುದರಿಂದ, ಪೈಪಿನ ಬಹುಭಾಗದಲ್ಲಿ ಸಂದು ಬಿಟ್ಟರೆ ಗಾಳಿ ಒಳಬರದೆ ಡೀಸೆಲ್ಲೇ ಹೊರಗೆ ಜಿನುಗಿ ದೋಷದ ಜಾಗವನ್ನು ತೋರಿಸುತ್ತದೆ. ಆದರೆ ಕೈಯಾರೆ ಜೋಡಿಸುವವರು ಫ್ಯೂಸು, ರಿಲೇಗಳ ಜೊತೆಗೆ, ಎಂಜಿನ್ ನಿಂತೊಡನೆ ಪಂಪನ್ನೂ ನಿಲ್ಲಿಸುವ ಆಯಿಲ್ ಪ್ರೆಷರ್ ಸ್ವಿಚ್ಚನ್ನು ಮರೆಯುವಂತಿಲ್ಲ. ಅಪಘಾತದಲ್ಲಿ ಪೈಪ್ ಕಿತ್ತುಹೋದಾಗಲೂ ಪಂಪು ಡೀಸೆಲ್ ಸುರಿಸುತ್ತಲೇ ಇದ್ದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್–6 ನಿಯಮ ಜಾರಿಯಾದ ಬಳಿಕ ಹೊಸ ಲಾರಿಗಳ ಡೀಸೆಲ್ ಸಿಂಪಡಣೆಯೆಲ್ಲ ಕಂಪ್ಯೂಟರಿನ ಹಿಡಿತಕ್ಕೆ ಬಂದಿದೆ. ಇಲ್ಲಿಯೂ ವಿದ್ಯುತ್ತು ಇಂಧನದ ಸ್ಥಾನವನ್ನು ಕಸಿದುಕೊಂಡಿಲ್ಲ, ಅದರ ಅಳತೆ ಮತ್ತು ವೇಳೆಗಳನ್ನು ವಹಿಸಿಕೊಂಡಿದೆ.

ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಚರ್ಚೆ ಹೆಚ್ಚಾಗಿ ಉದ್ಯೋಗದ ಸುತ್ತ ನಡೆಯಿತು. ಅದು ಸಹಜವೂ ಹೌದು, ನ್ಯಾಯವೂ ಹೌದು. ಆದರೆ ಭಟ್ಟಿ ಘಟಕದ ನಕ್ಷೆಗಳು, ವಿದ್ಯುತ್ ಕುಲುಮೆಗಳ ದಿನಚರಿಗಳು, ಕೈಯಿಂದಲೇ ಪಂಪಿನ ಹದ ಅರಿಯುವ ಹಿರಿಯ ಮೆಕ್ಯಾನಿಕ್ಕುಗಳ ತಿಳಿವಳಿಕೆ, ಇವೂ ಈ ಎರಡು ಊರುಗಳ ಆಸ್ತಿಯೇ. ಕುವೆಂಪು ವಿಶ್ವವಿದ್ಯಾಲಯವೂ ಜಿಲ್ಲೆಯ ತಾಂತ್ರಿಕ ಕಾಲೇಜುಗಳೂ ಇವನ್ನು ದಾಖಲಿಸುವ ಕೆಲಸವನ್ನು, ಬಲ್ಲವರು ಬದುಕಿರುವಾಗಲೇ ಕೈಗೆತ್ತಿಕೊಳ್ಳಬೇಕು.