ಎದೆ ಸೀಳದೆ ಹೃದಯದ ಕವಾಟ ಬದಲಾವಣೆ

ಮೆಟ್ಟಿಲು ಹತ್ತುವಾಗ ಏದುಸಿರು, ನಡೆಯುವಾಗ ಎದೆನೋವು, ಇದ್ದಕ್ಕಿದ್ದಂತೆ ತಲೆಸುತ್ತು. ಮನೆಯ ಹಿರಿಯರಲ್ಲಿ ಇವು ಕಂಡುಬಂದರೆ 'ವಯಸ್ಸಾಯಿತಲ್ಲ' ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಇವು ಹೃದಯದ ಅಯೋರ್ಟಿಕ್ ಕವಾಟ ಕಿರಿದಾಗಿರುವುದರ ಲಕ್ಷಣಗಳೂ ಆಗಿರಬಹುದು.

ಕಾಯಿಲೆ ಏನು?

ಹೃದಯದಿಂದ ಇಡೀ ದೇಹಕ್ಕೆ ರಕ್ತ ಹೊರಡುವ ಬಾಗಿಲೇ ಅಯೋರ್ಟಿಕ್ ಕವಾಟ. ಅದಕ್ಕೆ ಸಾಮಾನ್ಯವಾಗಿ ಮೂರು ಎಸಳುಗಳು. ವಯಸ್ಸಾದಂತೆ ಅವುಗಳ ಮೇಲೆ ಕ್ಯಾಲ್ಸಿಯಂ ಕಟ್ಟಿ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಬಾಲ್ಯದ ರುಮ್ಯಾಟಿಕ್ ಜ್ವರದಿಂದಲೂ ಕವಾಟ ಕೆಡುವುದುಂಟು. ಗಡುಸಾದ ಕವಾಟವನ್ನು ಔಷಧಿಯಿಂದ ಸರಿಪಡಿಸಲಾಗದು, ಬದಲಾಯಿಸಬೇಕು.

ಹೊಸ ದಾರಿ

ಹಿಂದೆ ಇದಕ್ಕೆ ಎದೆಯೆಲುಬು ಸೀಳಿ, ಹೃದಯ ನಿಲ್ಲಿಸಿ ಮಾಡುವ ಆಪರೇಷನ್ ಒಂದೇ ದಾರಿಯಾಗಿತ್ತು. ಅದನ್ನು ತಾಳಲಾರದ ವೃದ್ಧರಿಗೆ ಉಪಾಯವೇ ಇರಲಿಲ್ಲ. ಫ್ರಾನ್ಸಿನ ರುವಾನ್ ನಗರದಲ್ಲಿ ಡಾ. ಅಲೇನ್ ಕ್ರಿಬಿಯೇ ಅವರು 2002ರ ಏಪ್ರಿಲ್ 16ರಂದು ಮೊದಲ ಬಾರಿಗೆ ರಕ್ತನಾಳದ ಮೂಲಕ ಈ ಕವಾಟವನ್ನು ಅಳವಡಿಸಿದರು. ಈ ಚಿಕಿತ್ಸೆಗೆ 'ಟಾವಿ' ಎಂದು ಹೆಸರು.

ಹಸು ಅಥವಾ ಹಂದಿಯ ಹೃದಯದ ಹೊರಪೊರೆಯಿಂದ ಮಾಡಿದ ಕವಾಟವನ್ನು ಲೋಹದ ಜಾಲರಿಯಲ್ಲಿ ಮಡಚಿ, ಹೆಚ್ಚಾಗಿ ತೊಡೆಸಂದಿನ ರಕ್ತನಾಳದಿಂದ ಹೃದಯಕ್ಕೆ ಒಯ್ಯುತ್ತಾರೆ. ಬಲೂನ್ ಉಬ್ಬಿಸಿದಾಗ, ಕೆಲವು ಬಗೆಗಳಲ್ಲಿ ತಾನಾಗಿಯೇ, ಅದು ಅರಳಿ ಹಳೆಯ ಕವಾಟವನ್ನು ಬದಿಗೆ ಒತ್ತಿ ನಿಲ್ಲುತ್ತದೆ. ಹೃದಯ ನಿಲ್ಲಿಸುವ ಅಗತ್ಯವಿಲ್ಲ.

ಪ್ರಯೋಜನವೆಷ್ಟು?

ಆಪರೇಷನ್ ಮಾಡಲಾಗದ 358 ರೋಗಿಗಳ ಅಧ್ಯಯನವೊಂದರ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಆಗಿನ ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಶೇ. 50.7 ಮಂದಿ ಒಂದು ವರ್ಷದೊಳಗೆ ತೀರಿಕೊಂಡರು. ಟಾವಿ ಪಡೆದವರಲ್ಲಿ ಶೇ. 30.7. 2019ರಿಂದ ಅಮೆರಿಕದಲ್ಲಿ ಆಪರೇಷನ್ನಿನ ಅಪಾಯ ಕಡಿಮೆಯಿರುವವರಿಗೂ ಇದಕ್ಕೆ ಅನುಮತಿಯಿದೆ. ಭಾರತದಲ್ಲೂ ಈ ಚಿಕಿತ್ಸೆ ಲಭ್ಯವಿದೆ. ದೇಶದಲ್ಲೇ ತಯಾರಾದ ಕವಾಟಗಳೂ ಇವೆ. ಆದರೂ ವೆಚ್ಚ ದುಬಾರಿಯೇ.

ಗಮನಿಸಬೇಕಾದದ್ದು

ಇದು ಎಲ್ಲರಿಗೂ ಹೊಂದುವುದಿಲ್ಲ. ಪಾರ್ಶ್ವವಾಯು, ರಕ್ತಸ್ರಾವ, ಕವಾಟದ ಬದಿಯಲ್ಲಿ ಸೋರಿಕೆ ಆಗಬಹುದು. ಕೆಲವರಿಗೆ ಪೇಸ್‌ಮೇಕರ್ ಬೇಕಾಗುತ್ತದೆ. ಇಂಥ ಕವಾಟ ಕಾಲಕ್ರಮದಲ್ಲಿ ಸವೆಯುವುದರಿಂದ ಕಿರಿಯ ವಯಸ್ಸಿನವರಿಗೆ ಸಾಮಾನ್ಯವಾಗಿ ತೆರೆದ ಆಪರೇಷನ್ನನ್ನೇ ಸೂಚಿಸುತ್ತಾರೆ. ರಕ್ತನಾಳಗಳ ಸಿ.ಟಿ. ಸ್ಕ್ಯಾನ್ ನೋಡಿ, ಹೃದ್ರೋಗ ತಜ್ಞರೂ ಶಸ್ತ್ರಚಿಕಿತ್ಸಕರೂ ಕೂಡಿ ತೀರ್ಮಾನಿಸುತ್ತಾರೆ.

ಮೊದಲ ಹೆಜ್ಜೆ ಮಾತ್ರ ಸುಲಭ. ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಕೇಳುವ ಮರ್ಮರ ಶಬ್ದದಿಂದ ವೈದ್ಯರಿಗೆ ಸುಳಿವು ಸಿಗುತ್ತದೆ; ಎಕೋ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ. ಆದುದರಿಂದ ಹಿರಿಯರ ಏದುಸಿರನ್ನು ವಯಸ್ಸಿನ ಲೆಕ್ಕಕ್ಕೆ ಬರೆಯುವ ಮುನ್ನ ಒಮ್ಮೆ ವೈದ್ಯರಿಗೆ ತೋರಿಸಿರಿ.