ಇ-ರೀಡರ್ ಮತ್ತು ಮುದ್ರಿತ ಪುಸ್ತಕ: ಕನ್ನಡದ ಓದು

ಇ-ರೀಡರ್ ಎಂಬುದು ಪುಸ್ತಕಗಳನ್ನು ವಿದ್ಯುನ್ಮಾನ ರೂಪದಲ್ಲಿ ಓದಲೆಂದೇ ರೂಪಿಸಲಾದ ಕೈಸಾಧನ. ಅಮೆಜಾನ್ ಸಂಸ್ಥೆಯು 2007ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿದ ಕಿಂಡಲ್ ಇವುಗಳಲ್ಲಿ ಹೆಚ್ಚು ಪರಿಚಿತ. ನಿತ್ಯದ ಓದಿಗೆ ಇದು ಮುದ್ರಿತ ಪುಸ್ತಕದ ಸ್ಥಾನ ತುಂಬಬಲ್ಲದೇ ಎಂಬ ಪ್ರಶ್ನೆಯು ಕನ್ನಡದ ಮಟ್ಟಿಗೆ ಸಾಧನದ ಗುಣಕ್ಕಿಂತ ಪುಸ್ತಕದ ಕಡತ ಯಾವ ರೂಪದಲ್ಲಿದೆ ಎಂಬುದನ್ನೇ ಹೆಚ್ಚಾಗಿ ಅವಲಂಬಿಸಿದೆ.

ಪರದೆ

ಬಹುಪಾಲು ಇ-ರೀಡರ್‌ಗಳಲ್ಲಿ ಇ-ಇಂಕ್ ಪರದೆಯಿರುತ್ತದೆ. ವಿರುದ್ಧ ವಿದ್ಯುದಾವೇಶವುಳ್ಳ ಕಪ್ಪು-ಬಿಳಿ ಕಣಗಳು ಮೇಲೆ ಬಂದು ಅಕ್ಷರ ಮೂಡುತ್ತದೆ. ಮೂಡಿದ ಪುಟವನ್ನು ಉಳಿಸಿಕೊಳ್ಳಲು ವಿದ್ಯುತ್ ಬೇಕಿಲ್ಲವಾದ್ದರಿಂದ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬಳಸಬಹುದು. ಬಿಸಿಲಿನಲ್ಲೂ ಓದು ಸುಲಭ.

ಕನ್ನಡ ಕಡತಗಳ ತೊಡಕು

ಕನ್ನಡ ಲಿಪಿಯು 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಸೇರಿತ್ತು. ಆದರೂ ಡಿ.ಟಿ.ಪಿ. ಕೆಲಸ ಬಹುಕಾಲ ನುಡಿ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲೇ ನಡೆಯಿತು. ಅವು ಕನ್ನಡ ಅಕ್ಷರದ ತುಣುಕುಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಇರಿಸುತ್ತಿದ್ದವು. ಫಾಂಟ್ ಬದಲಾದರೆ ಪಠ್ಯ ಅರ್ಥಹೀನ ರೋಮನ್ ಅಕ್ಷರಗಳ ಸಾಲಾಗುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿದ ಬಳಿಕವೂ ಒತ್ತಕ್ಷರ, ಅರ್ಕಾವತ್ತುಗಳಿಗಾಗಿ ಕರಡು ತಿದ್ದಬೇಕಾಗುತ್ತದೆ. ಈ ಶ್ರಮವಿಲ್ಲದೆ ಸಿಗುವುದು ಪುಟಗಳ ಚಿತ್ರವಷ್ಟೇ ಇರುವ ಪಿಡಿಎಫ್. ಆರು ಇಂಚಿನ ಪರದೆಯಲ್ಲಿ ಡೆಮಿ ಗಾತ್ರದ ಪುಟ ಕುಗ್ಗಿ ಕಾಣುತ್ತದೆ. ಹಿಗ್ಗಿಸಿದರೆ ಪ್ರತಿ ಸಾಲಿಗೂ ಪುಟವನ್ನು ಎಡಬಲಕ್ಕೆ ಸರಿಸಬೇಕು. ಅಕ್ಷರವನ್ನು ದೊಡ್ಡದಾಗಿಸಿಕೊಳ್ಳುವುದು ವಯಸ್ಸಾದ ಓದುಗರಿಗೆ ಇ-ರೀಡರಿನ ಮುಖ್ಯ ಪ್ರಯೋಜನ. ಹಳೆಯ ಪುಸ್ತಕಗಳಲ್ಲಿ ಅದೇ ಕೈತಪ್ಪುತ್ತದೆ.

2016ರ ಡಿಸೆಂಬರ್‌ನಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇ-ಪುಸ್ತಕಗಳ ಮಾರಾಟ ಆರಂಭಿಸಿದಾಗ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಮೈಲ್ಯಾಂಗ್‌ನಂತಹ ಮೊಬೈಲ್ ಆ್ಯಪ್‌ಗಳು ಕನ್ನಡ ಇ-ಪುಸ್ತಕಗಳನ್ನು ಒದಗಿಸುತ್ತಿವೆ. ಹೀಗಾಗಿ ಕನ್ನಡದಲ್ಲಿ ಮುದ್ರಿತ ಪುಸ್ತಕದ ನಿಜವಾದ ಪ್ರತಿಸ್ಪರ್ಧಿ ಇ-ರೀಡರಿಗಿಂತ ಮೊಬೈಲ್ ಫೋನ್ ಎನ್ನಬಹುದು.

ರಾಮನಗರ ಪ್ರದೇಶ

2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣಗೊಂಡ ರಾಮನಗರ ಜಿಲ್ಲೆಯಲ್ಲಿ ಪ್ರಯಾಣದ ಓದೂ ಒಂದೇ ಬಗೆಯದಲ್ಲ. ರಾಮನಗರ, ಚನ್ನಪಟ್ಟಣಗಳು ಬೆಂಗಳೂರು–ಮೈಸೂರು ರೈಲುಮಾರ್ಗದಲ್ಲಿವೆ. ಕನಕಪುರ, ಮಾಗಡಿಗಳಿಗೆ ರೈಲಿಲ್ಲ. ನಿಂತು ಪ್ರಯಾಣಿಸುವವರಿಗೆ ಒಂದೇ ಕೈಯಲ್ಲಿ ಹಿಡಿಯಬಲ್ಲ ಹಗುರ ಸಾಧನ ಅನುಕೂಲ. ಕುಲುಕುವ ಬಸ್ಸಿನಲ್ಲಿ ಎರಡೂ ಕಷ್ಟವೇ. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮಾತ್ರ ಮುದ್ರಿತ ಪ್ರತಿಯದೇ ಮೇಲುಗೈ: ಒಂದೇ ಪ್ರತಿ ಹಲವರ ಕೈ ದಾಟುತ್ತದೆ, ಓದುಗರು ಸಾಧನ ಕೊಳ್ಳಬೇಕಿಲ್ಲ.

ಬೆಲೆ ಮತ್ತು ಹಕ್ಕು

ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಮುದ್ರಿತ ಆವೃತ್ತಿಯುಳ್ಳ ಇ-ಪುಸ್ತಕಕ್ಕೆ 2018ರಲ್ಲಿ ಶೇ 18ರಿಂದ ಶೇ 5ಕ್ಕೆ ಇಳಿಸಲಾಯಿತು. ಇ-ಪುಸ್ತಕ ಕೊಂಡವರಿಗೆ ಸಾಮಾನ್ಯವಾಗಿ ದೊರೆಯುವುದು ಬಳಕೆಯ ಪರವಾನಗಿ. ಅದನ್ನು ಗೆಳೆಯರಿಗೆ ಎರವಲು ಕೊಡಲಾಗಲಿ, ಹಳೆಯ ಪುಸ್ತಕದಂಗಡಿಗೆ ಮಾರಲಾಗಲಿ ಬರುವುದಿಲ್ಲ. ಭಾರತದಲ್ಲಿ ಲೇಖಕರು ನಿಧನರಾದ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯವಿರುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀಕಂಠಯ್ಯನವರು ಬದುಕಿದ್ದಾಗ ಪ್ರಕಟವಾದ ಕೃತಿಗಳನ್ನು ಯಾರಾದರೂ ಟೈಪಿಸಿ ಉಚಿತವಾಗಿ ಹಂಚಬಹುದು. 1994ರಲ್ಲಿ ನಿಧನರಾದ ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೆ ಹಾಗೆ ಮಾಡುವಂತಿಲ್ಲ.